ಹೊತ್ತು ಮುಳುಗಿದ ಮೇಲಿನ ಹಾಲು

ಚೆಲ್ಲಿ ಹುಳಿಯಾದ ಹಾಲಿನ ವಾಸನೆ ಒಂದು, ಕಾದ ವೈರಿನ ವಾಸನೆ ಇನ್ನೊಂದು. ಬೇರೆ ಬೇರೆಯಾಗಿ ಬಂದರೆ ನನಗೇನೂ ಆಗುವುದಿಲ್ಲ. ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ಆಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತದೆ. ಹೋದ ತಿಂಗಳು ಬೆಳ್ಳೂರು ಕ್ರಾಸಿನ ಒಂದು ಟೀ ಅಂಗಡಿಯಲ್ಲಿ ಹಾಗೇ ಆಯಿತು. ಸಂಜೆಯ ಹೊತ್ತು. ಫ್ರಿಜ್ಜಿನ ಹಿಂದೆ ಹಳೆಯ ಸ್ಟೆಬಿಲೈಸರ್ ಗುಂಯ್‌ಗುಡುತ್ತಿತ್ತು. ಯಾರೋ ಹಾಲು ಚೆಲ್ಲಿ ಸರಿಯಾಗಿ ಒರೆಸಿರಲಿಲ್ಲ. ಬಲ್ಬು ಒಮ್ಮೆ ಮಂಕಾಗಿ ಮತ್ತೆ ಹತ್ತಿಕೊಂಡಿತು. ನಾನು ಗ್ಲಾಸು ಕೆಳಗಿಟ್ಟು ತಿರುಗಿ ನೋಡಿದೆ, ಸಾಲಿನ ಕೊನೆಯಲ್ಲಿ ಹಾಲಿನ ಕ್ಯಾನು ಹಿಡಿದುಕೊಂಡು ಒಬ್ಬ ಹುಡುಗಿ ನಿಂತಿದ್ದಾಳೋ ಎಂದು. ಅಲ್ಲಿ ಸಾಲೂ ಇರಲಿಲ್ಲ, ಹುಡುಗಿಯೂ ಇರಲಿಲ್ಲ.

"ಯಾರಾದ್ರೂ ಬರಬೇಕಿತ್ತಾ ಸಾರ್?" ಎಂದ ಅಂಗಡಿಯವನು.

"ಇಲ್ಲ" ಎಂದೆ. ಆದರೆ ಮಾರನೆಯ ದಿನ ಮೈಸೂರಿಗೆ ಹೋಗಬೇಕಾದವನು ನಾಗಮಂಗಲದಲ್ಲೇ ಇಳಿದು, ಸಂತೆಬಾಚಹಳ್ಳಿಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹಳ್ಳಿಯ ಹಾಲಿನ ಡೈರಿಗಳಲ್ಲಿ ಕಂಪ್ಯೂಟರ್ ಕೂರಿಸಿ ನೋಡಿಕೊಳ್ಳುವ ಗುತ್ತಿಗೆಯನ್ನು ಮೈಸೂರಿನ ಒಂದು ಸಣ್ಣ ಕಂಪನಿ ಹಿಡಿದಿತ್ತು. ನಾನು ಅದರ ಸರ್ವಿಸ್ ಇಂಜಿನಿಯರ್. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕು ನನ್ನ ಪಾಲಿಗೆ ಬಂದವು. ಗಂಜಾಂನಲ್ಲಿ, ಹೊಳೆಗೆ ಇಳಿಯುವ ದಾರಿಯ ಪಕ್ಕ ಒಂದು ಕೋಣೆ ಬಾಡಿಗೆಗೆ ಹಿಡಿದೆ. ದೇವಸ್ಥಾನಕ್ಕೆ ಬರುವ ಜನ ಬಸ್ಸಿಳಿಯುವ ಹೊತ್ತಿಗೆ ನಾನು ಬಸ್ಸು ಹತ್ತುತ್ತಿದ್ದೆ. ಒಂದು ಚೀಲದಲ್ಲಿ ಸ್ಕ್ರೂಡ್ರೈವರು, ಫ್ಲಾಪಿಗಳು, ಪ್ರಿಂಟರಿನ ರಿಬ್ಬನ್ನು, ಇನ್ನೊಂದರಲ್ಲಿ ಚಿತ್ರಾನ್ನ. ಪಾಂಡವಪುರ ದಾಟುವ ಹೊತ್ತಿಗೆ ಚೀಲ ಯಾವುದು ಊಟ ಯಾವುದು ಎನ್ನದೆ ಎರಡಕ್ಕೂ ಬೆಲ್ಲದ ವಾಸನೆ ಹತ್ತಿರುತ್ತಿತ್ತು, ದಾರಿಯುದ್ದಕ್ಕೂ ಆಲೆಮನೆಗಳು.

ನನ್ನ ಕೆಲಸ ಕಂಪ್ಯೂಟರು, ಅಷ್ಟೇ. ಅದರ ಪಕ್ಕದಲ್ಲಿ ಹಾಲಿನ ಜಿಡ್ಡು ಅಳೆಯುವ ಮಿಷನ್ನಿತ್ತು. ಅದು ಬೇರೆ ಕಂಪನಿಯದು, ನಾನು ಮುಟ್ಟಿದರೆ ಅವರಿಗೆ ಸಿಟ್ಟು. ಕರೆಂಟು ಲೈನ್‌ಮನ್ನಿನದು. ಗೋಡೆಯ ಮೇಲಿನ ವೈರಿಂಗ್ ಡೈರಿಯದು. ಹಾಲು ಟೆಸ್ಟರಿನದು. ನಾನು ಏನಾದರೂ ಕೇಳಹೋದರೆ ಮೈಸೂರಿನಲ್ಲಿದ್ದ ನಮ್ಮ ಮ್ಯಾನೇಜರು ಫೋನಿನಲ್ಲೇ ಕೂಗುತ್ತಿದ್ದರು: "ನಮ್ಮ ಡಬ್ಬ ಆನ್ ಆಗತ್ತಾ? ಚೀಟಿ ಪ್ರಿಂಟ್ ಆಗತ್ತಾ? ಸೈನ್ ಹಾಕಿಸ್ಕೊಂಡು ಬಾ. ಊರಿನ ಉಸಾಬರಿ ನಿನಗ್ಯಾಕಯ್ಯಾ?" ಒಂದು ಕೆಲಸವನ್ನು ಐದು ತುಂಡು ಮಾಡಿ ಐದು ಜನಕ್ಕೆ ಹಂಚಿದರೆ ಐದು ತುಂಡೂ ಚೆನ್ನಾಗಿಯೇ ಇರಬಹುದು, ಕೆಲಸ ಮಾತ್ರ ಕೆಟ್ಟಿರಬಹುದು. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಒಂದು ಮಳೆಗಾಲ ಬೇಕಾಯಿತು. ಇನ್ನೊಬ್ಬಳು ಅದರ ಬೆಲೆ ತೆರಬೇಕಾಯಿತು.

ಸಂತೆಬಾಚಹಳ್ಳಿಯಿಂದ ಒಳಕ್ಕೆ, ಕೆರೆ ಏರಿ ಹಿಡಿದು ಹೋದರೆ ಆ ಊರು. ಹೆಸರು ಬೇಡ, ಆ ಮನೆ ಇನ್ನೂ ಇದೆ. ಡೈರಿಯ ಸೆಕ್ರೆಟರಿ ನಂಜೇಗೌಡರು ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ದೃಷ್ಟಿಯಾಗದಿರಲೆಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದ್ದರು. ಟೆಸ್ಟರ್ ಚಂದ್ರ ಇಪ್ಪತ್ತೈದರ ಆಸುಪಾಸಿನ ಆಳು. ಮೊದಲು ಅವನು ಗಾಜಿನ ಡಿಗ್ರಿ ಕಡ್ಡಿಯನ್ನು ಹಾಲಿಗೆ ಬಿಟ್ಟು, ಬೆರಳಿಗೆ ಒಂದು ತೊಟ್ಟು ಹಚ್ಚಿಕೊಂಡು ನೋಡಿ, ಗೊಣಗಿಕೊಂಡು ಬರೆದುಕೊಳ್ಳುತ್ತಿದ್ದನಂತೆ. ಕಂಪ್ಯೂಟರ್ ಬಂದ ಮೇಲೆ ಕಡ್ಡಿ ಅಟ್ಟಕ್ಕೆ ಹೋಗಿ ಅಲ್ಲೇ ಒಡೆಯಿತು. ಈಗ ಅವನು ಪರದೆಯ ಮೇಲೆ ಬಂದ ಅಂಕಿಯನ್ನು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಯಾರ ಮನೆಯ ಹಾಲು, ಎಷ್ಟು ಜಿಡ್ಡು. ಅದು ಅವನಿಗೊಂದು ಹೆಮ್ಮೆ. ಸಾಲಿನಲ್ಲಿ ನಿಂತವರಿಗೂ ಅದೊಂದು ಮೋಜು.

ಸಾಲಿಗೂ ಅಲ್ಲೊಂದು ರೀತಿಯಿತ್ತು. ಸಂಜೆ ಬಿಸಿಲು ಇಳಿಯುತ್ತಿದ್ದ ಹಾಗೇ ಡೈರಿಯ ಗೋಡೆಗೆ ಆನಿಸಿ ಕ್ಯಾನುಗಳನ್ನು ಇಡುತ್ತಾ ಬರುತ್ತಿದ್ದರು. ಯಾರ ಕ್ಯಾನು ಮುಂದೆಯೋ ಅವರು ಮುಂದೆ. ಕಡೆಯಲ್ಲಿ ಬರುವ ಕ್ಯಾನು ಪುಟ್ಟತಾಯಮ್ಮನ ಮನೆಯದು. ಆ ಬೇಸಿಗೆಯಲ್ಲಿ ಅವರ ಮಗನಿಗೆ ಮದುವೆಯಾಗಿತ್ತು. ಮಗ ಲಾರಿ ಡ್ರೈವರು, ವಾರಕ್ಕೊಮ್ಮೆ ಮನೆಗೆ ಬರುವವನು. ಸೊಸೆ ಶೋಭ ಬೆಳ್ಳೂರಿನ ಕಡೆಯವಳು, ಎಸ್ಸೆಸ್ಸೆಲ್ಸಿ ಪಾಸಾದವಳು. ಅವಳು ಬಂದ ಮೇಲೆ ಹಸುವಿಗೆ ಹುಲ್ಲು ತರುವುದೂ ಅವಳ ಕೆಲಸ, ಕರೆಯುವುದೂ ಅವಳ ಕೆಲಸ, ಡೈರಿಗೆ ಹಾಕುವುದೂ ಅವಳ ಕೆಲಸ. ಹೊರೆ ಇಳಿಸಿ ಹಾಲು ಕರೆದುಕೊಂಡು ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು.

ಅವಳ ಹಾಲಿಗೆ ನಂಬರು ಬರಲಿಲ್ಲ. ಇದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದಲ್ಲ, ಚಂದ್ರನೇ ಆಮೇಲೆ ಹೇಳಿದ್ದು. ಜಿಡ್ಡು ಮೂರೂವರೆ ಇರಬೇಕಾದ ಕಡೆ ಎರಡೂ ಮುಕ್ಕಾಲು. "ಪುಟ್ಟತಾಯಮ್ಮನ ಮನೆದು, ಎರಡೂ ಮುಕ್ಕಾಲು!" ಎಂದು ಇವನು ಕೂಗಿದ. ಮಾರನೆಯ ಸಂಜೆಯೂ ಹಾಗೇ. ಅದರ ಮಾರನೆಯ ಸಂಜೆಯೂ. ಬೆಳಗಿನ ಹಾಲು ಮಾತ್ರ ಸರಿಯಾಗಿರುತ್ತಿತ್ತು.

"ಕೆರೆ ಏರಿ ಮ್ಯಾಲೆ ಬರ್ವಾಗ ಕಾಲು ಗೀಲು ಜಾರ್ತೇನವ್ವಾ?" ಎಂದು ಯಾರೋ ಕೇಳಿದರು. ಜನ ನಕ್ಕರು. ಶೋಭ ಕ್ಯಾನಿನ ಬಾಯಿಯನ್ನು ಸೆರಗಿನಿಂದ ಒರೆಸಿಕೊಂಡು ಹೋದಳು. ಅವಳು ಯಾವಾಗಲೂ ಹಾಗೆ ಮಾಡುತ್ತಿದ್ದಳಂತೆ, ಬಾಯಿ ಒರೆಸದೆ ಕ್ಯಾನು ಎತ್ತುತ್ತಿರಲಿಲ್ಲ.

ನಂಜೇಗೌಡರು ಪುಟ್ಟತಾಯಮ್ಮನನ್ನು ಕರೆಸಿ ಹೇಳಿದರು: "ನಿನ್ನ ಸೊಸೆಗೆ ಬುದ್ಧಿ ಯೋಳು ಪುಟ್ಟತಾಯಿ. ನೀರು ಆಕದು ಬುಡ್ಲಿಲ್ಲ ಅಂದ್ರೆ ನಿಮ್ಮನೆ ಆಲು ತಗಳಾಕಿಲ್ಲ."

ಪುಟ್ಟತಾಯಮ್ಮನಿಗೆ ಹಾಲು ನಿಂತರೂ ಬದುಕು ನಡೆಯುತ್ತಿತ್ತು, ಹೊಲ ಗದ್ದೆ ಇದ್ದವು. ಹೋಗಿದ್ದು ಮನೆಯ ಹೆಸರು. ಮನೆಗೆ ಹೋಗಿ ಜಗಲಿಯ ಮೇಲೆ ನಿಂತು, ಬೀದಿಗೆ ಕೇಳುವಂತೆಯೇ ಕೇಳಿದರಂತೆ. "ನಾನು ಈ ಮನೆಗೆ ಬಂದಾಗ್ನಿಂದ ನಮ್ಮ ಆಲಿಗೆ ಒಬ್ರು ಒಂದ್ ಮಾತಂದಿಲ್ಲ. ನೀನು ಬಂದೆ, ಆಲು ನೀರಾಯ್ತು."

"ನಾನು ಹಾಕಿಲ್ಲ ಅತ್ತೆ."

"ಅಂಗಾರೆ ಮಿಷಿನ್ ಸುಳ್ಳು ಯೋಳ್ತದಾ?"

ಆ ಪ್ರಶ್ನೆಯನ್ನು ಅವರು ನನ್ನ ಹತ್ತಿರವೂ ತಂದರು. ನಾನು ಹೋಗುತ್ತಿದ್ದುದು ಯಾವಾಗಲೂ ಬೆಳಗಿನ ಹೊತ್ತು, ಮಧ್ಯಾಹ್ನದ ಬಸ್ಸು ತಪ್ಪಿದರೆ ಗಂಜಾಂ ಸೇರುವಂತಿರಲಿಲ್ಲ. ಒಂದು ದಿನ ಪ್ರಿಂಟರಿಗೆ ರಿಬ್ಬನ್ ಹಾಕುತ್ತಾ ಕುಳಿತಿದ್ದೆ. ಬಾಗಿಲಲ್ಲಿ ಗಟ್ಟಿಮುಟ್ಟಾದ, ಹಣೆಯ ತುಂಬ ವಿಭೂತಿಯ ಹೆಂಗಸೊಬ್ಬರು ಬಂದು ನಿಂತರು.

"ನೀನೇನಪ್ಪ ಕಂಪ್ಯೂಟ್ರು ನೋಡೋನು? ಇದು ಸರಿಯಾಗೈತಾ?"

ನಾನು ಅವರ ಮುಂದೆಯೇ ಆನ್ ಮಾಡಿ, ಆಫ್ ಮಾಡಿ, ಚೀಟಿ ಪ್ರಿಂಟು ಮಾಡಿ ತೋರಿಸಿದೆ. ಎಲ್ಲ ಸರಿಯಾಗಿತ್ತು. "ಕಂಪ್ಯೂಟರು ಸರಿಯಾಗಿದೆ ಅಮ್ಮ" ಎಂದೆ.

"ಅಂಗಾರೆ ಆಯ್ತು ಬುಡು" ಎಂದು ಹೊರಟುಹೋದರು. ಅವರ ಮುಖದಲ್ಲಿದ್ದುದು ಸಿಟ್ಟಲ್ಲ. ಯಾವುದೋ ಒಂದು ಕಡೆಯ ಆಸೆಯನ್ನು ನನ್ನ ಮೇಜಿನ ಮೇಲಿಟ್ಟು, ಅದನ್ನು ಹಾಗೇ ವಾಪಸ್ಸು ತೆಗೆದುಕೊಂಡು ಹೋದ ಹಾಗೆ ಇತ್ತು. ಯಾಕೆ ಕೇಳಿದರೆಂದು ನನಗೆ ಆಗ ಗೊತ್ತಿರಲಿಲ್ಲ.

ಅಷ್ಟರಲ್ಲಿ ಆಷಾಢ ಬಂತು. ಮದುವೆಯಾದ ಮೊದಲ ವರ್ಷ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಬಾಗಿಲು ದಾಟಬಾರದು, ಸೊಸೆ ತವರಿಗೆ ಹೋಗಬೇಕು. ಶೋಭ ಹೋದಳು. ಅವಳು ಹೋದ ಮೇಲೆ ಪುಟ್ಟತಾಯಮ್ಮ ಮಳೆಯಲ್ಲಿ ಹುಲ್ಲಿಗೆ ಹೋಗದೆ ಒಣಹುಲ್ಲು ಹಾಕಿ, ಹೊತ್ತಿಗೆ ಮುಂಚೆ ಹಾಲು ಕರೆದು, ಸಾಲಿನಲ್ಲಿ ಮೊದಲು ಕ್ಯಾನು ಇಡತೊಡಗಿದರು. ನಂಬರು ಮೂರೂವರೆಯ ಮೇಲೆ ಬಂತು. ದಿನಾ ಬಂತು. ಚಂದ್ರ ಅದನ್ನೂ ಕೂಗಿದ. ಊರಿಗೆ ಇನ್ನೇನು ಬೇಕು? ಹುಡುಗಿ ಇದ್ದಾಗ ನೀರು, ಹುಡುಗಿ ಹೋದ ಮೇಲೆ ಹಾಲು. ಅದುವರೆಗೆ ಅನುಮಾನ ಎಂದಿದ್ದವರೂ ಆಮೇಲೆ ಖಾತ್ರಿ ಎಂದರು. ಅವಳ ಗಂಡ ಒಂದು ಭಾನುವಾರ ಬಂದು, ಎಲ್ಲ ಕೇಳಿಸಿಕೊಂಡು, ತಾಯಿ ಹೇಳಿದ್ದಕ್ಕೆ ತಲೆಯಾಡಿಸಿ ಲಾರಿ ಹತ್ತಿದ.

ಶ್ರಾವಣ ಹುಟ್ಟಿತು. ಬೇರೆ ಮನೆಗಳ ಹೊಸ ಸೊಸೆಯರು ಮಲ್ಲಿಗೆ ಮುಡಿದು ವಾಪಸ್ಸು ಬಂದರು. ಶೋಭಳನ್ನು ಕರೆಯಲು ಯಾರೂ ಹೋಗಲಿಲ್ಲ.

ಶ್ರಾವಣದ ಒಂದು ದಿನ ನಾನು ಅಲ್ಲಿದ್ದಾಗ ಮಳೆ ಹಿಡಿಯಿತು. ಕೋಡಿ ಬಿದ್ದು ರಸ್ತೆಯ ಮೇಲೆ ನೀರು ಹರಿಯಿತು. ಬಸ್ಸು ಬರಲಿಲ್ಲ. ನಂಜೇಗೌಡರು "ಇಲ್ಲೇ ಇರಿ ಸಾ, ರಾತ್ರಿ ನಮ್ಮನೇಲೆ ಮುದ್ದೆ ಉಣ್ಣೂರಂತೆ" ಎಂದರು. ಬೇಜಾರಿನಿಂದ ಡೈರಿಯ ಬೆಂಚಿನ ಮೇಲೆ ಕುಳಿತೆ. ನನ್ನದೇ ಕಂಪ್ಯೂಟರು ಸಂಜೆ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲ ಸಲ ನೋಡಿದ್ದು ಹಾಗೆ, ಬೇಕೆಂದು ಅಲ್ಲ.

ಪುಟ್ಟತಾಯಮ್ಮ ಮೊದಲು ಬಂದರು, ಹಾಲು ಹಾಕಿದರು, ಹೋದರು. "ಇವರ ಮನೆ ಕಥೆ ಗೊತ್ತಾ ಸಾ?" ಎಂದು ಚಂದ್ರ ಶುರು ಮಾಡಿದ. ಒಬ್ಬೊಬ್ಬರದೇ ಹಾಲು ಅಳೆಯುತ್ತಾ, ಮಧ್ಯೆ ಮಧ್ಯೆ ನಂಬರು ಕೂಗುತ್ತಾ, ಎಲ್ಲ ಹೇಳಿದ. ಹೊರಗೆ ಕತ್ತಲಾಗುತ್ತಾ ಬಂತು. ಸಾಲಿನಲ್ಲಿ ಎಮ್ಮೆ ಹಾಲಿನ ಇಬ್ಬರು ಮಾತ್ರ ಉಳಿದಿದ್ದರು.

ಆಗ ಹೊಲಗಳ ಕಡೆಯಿಂದ ಟಕ್ ಟಕ್ ಎಂದು ಸದ್ದು ಬಂತು. ತ್ರೀ ಫೇಸ್ ಕರೆಂಟು ಬಂದಿತ್ತು. ಆ ಬೇಸಿಗೆಯಿಂದ ಅದನ್ನು ಬೆಳಗಿನ ಬದಲು ಸಂಜೆ ಕೊಡುತ್ತಿದ್ದರು. ಪಂಪ್‌ಸೆಟ್ಟುಗಳಿಗೆಲ್ಲ ತಾನೇ ಶುರುವಾಗುವ ಸ್ಟಾರ್ಟರುಗಳು. ಮಳೆ ಬರಲಿ ಬಿಡಲಿ, ಆಫ್ ಮಾಡಲು ಯಾರೂ ಹೋಗುವುದಿಲ್ಲ. ಎಲ್ಲವೂ ಒಂದೇ ಉಸಿರಿಗೆ ಎದ್ದವು. ಪಕ್ಕದ ಹಿಟ್ಟಿನ ಮಿಲ್ಲಿನ ಬೆಲ್ಟು ಬಡಿದುಕೊಂಡಿತು. ತಲೆಯ ಮೇಲಿನ ಬಲ್ಬು ಹಣ್ಣೆಲೆಯ ಬಣ್ಣಕ್ಕೆ ತಿರುಗಿತು. ಮೇಜಿನ ಹಿಂದಿನಿಂದ ಕಾದ ವೈರಿನ ವಾಸನೆ ಬಂತು, ನೆಲದ ಮೇಲೆ ಚೆಲ್ಲಿದ ಹಾಲಿನ ವಾಸನೆಯ ಜೊತೆ ಸೇರಿಕೊಂಡು.

"ನಿಂದೂ ಕಮ್ಮಿನೇ ಕಣ್ಲಾ" ಎಂದ ಚಂದ್ರ ಎಮ್ಮೆ ಹಾಲಿನವನಿಗೆ.

"ದಿನಾ ಹೀಗೇನಾ?" ಎಂದೆ.

"ಈ ಹೊತ್ತಲ್ಲಿ ಒಸಿ ಕಮ್ಮಿನೇ ಸಾ. ಎಮ್ಮೆ ಆಲಲ್ವಾ, ಎಷ್ಟು ಇಳಿದ್ರೂ ಪಾಸಾಯ್ತದೆ."

"ಸಂಜೆ ಕಡೆಯಲ್ಲಿ ಬರೋರಲ್ಲಿ ಸೀಮೆ ಹಸು ಯಾರ ಮನೇಲಿದೆ?"

"ಪುಟ್ಟತಾಯಮ್ಮನ ಮನೇಲೊಂದೇ ಸಾ" ಎಂದವನೇ ಕಪಾಟಿನ ಕಡೆ ತಿರುಗಿದ. ಪುಟ್ಟತಾಯಮ್ಮನ ಹಾಲಿನ ಮಾದರಿ ಸಣ್ಣ ಬಾಟಲಿಯಲ್ಲಿ ಕಪಾಟಿನೊಳಗೆ ಇತ್ತು. ಅದನ್ನು ತೆಗೆದು, ಕುಲುಕಿ, ಮತ್ತೆ ಮಿಷನ್ನಿಗೆ ಹಾಕಲು ಹೇಳಿದೆ. ಬೆಳಕಿದ್ದಾಗ ಮೂರೂವರೆಯ ಮೇಲೆ ನಂಬರು ಬಂದಿದ್ದ ಅದೇ ಹಾಲು. ಎರಡೂ ಮುಕ್ಕಾಲು.

ಚಂದ್ರ ಆ ಸಲ ಕೂಗಲಿಲ್ಲ.

ಮೇಜಿನ ಕೆಳಗೆ ಬಗ್ಗಿ ನೋಡಿದೆ. ಸ್ಟೆಬಿಲೈಸರ್ ಒಂದಿತ್ತು. ಅದನ್ನು ಮೊದಲು ಹಾಲಿನ ಮಿಷನ್ನಿಗೆಂದೇ ತಂದಿದ್ದರು. ಕಂಪ್ಯೂಟರ್ ಬಂದ ದಿನ, ಅದು ಸೂಕ್ಷ್ಮ ವಸ್ತುವೆಂದು, ನಮ್ಮ ಕಂಪನಿಯವರು ಸ್ಟೆಬಿಲೈಸರನ್ನು ಅದಕ್ಕೆ ಜೋಡಿಸಿದ್ದರು. ಹಾಲಿನ ಮಿಷನ್ನು ಬರಿಯ ಲೈನಿನ ಮೇಲೆ ಉಳಿಯಿತು, ಸಂಜೆ ವೋಲ್ಟೇಜು ಬಿದ್ದ ಕೂಡಲೇ ಕಮ್ಮಿ ನಂಬರು ತೋರಿಸುತ್ತಿತ್ತು. ಅದರ ಕಂಪನಿಯವನೂ ನನ್ನ ಹಾಗೇ ಬೆಳಿಗ್ಗೆ ಬಂದು ಬೆಳಿಗ್ಗೆಯೇ ಹೋಗುವವನು. ಲೈನ್‌ಮನ್ನು ಟ್ರಾನ್ಸ್‌ಫಾರ್ಮರು ಸರಿಯಾಗಿದೆ ಎನ್ನುತ್ತಿದ್ದ, ಸರಿಯಾಗಿಯೇ ಇತ್ತು. ಮಿಲ್ಲಿನವನು ತನ್ನ ಮೋಟರು ಸರಿಯಾಗಿದೆ ಎನ್ನುತ್ತಿದ್ದ, ಅದೂ ನಿಜ. ಎಲ್ಲರೂ ಸರಿಯಾಗಿದ್ದೆವು. ತಪ್ಪು ಎಲ್ಲಾದರೂ ಇರಲೇಬೇಕಲ್ಲ, ಅದಕ್ಕೆ ಯಾವ ಇಲಾಖೆಯೂ ಇಲ್ಲದ ಒಬ್ಬ ಹುಡುಗಿಯ ಮೇಲೆ ಹೋಗಿ ಕೂತಿತ್ತು.

ಆ ರಾತ್ರಿ ಚಂದ್ರನೂ ನಾನೂ ಗೌಡರ ಮನೆಯಲ್ಲಿ ಮುದ್ದೆಗೆ ಕೂತೆವು. ನಂಜೇಗೌಡರಿಗೆ ಹೇಳಿದರೆ ಅವರು ತಟ್ಟೆಯಿಂದ ತಲೆಯೆತ್ತಲಿಲ್ಲ. "ಸ್ಟೆಬಿಲೈಸರ್ ಇನ್ನೊಂದು ತಂದು ಆಕ್ಸಣ ಬುಡಿ ಸಾ. ಊರಿಗೆ ಯಾಕೆ ಯೋಳ್ಬೇಕು? ಡೈರಿ ಮರ್ವಾದೆ ಏನಾಗ್ಬೇಕು?"

"ಆ ಹು‍ಡುಗಿ ಮರ್ಯಾದೆ?"

"ಅವ್ರ ಮನೆ ಇಚಾರ ಅದು."

ನನಗೆ ರೇಗಿಹೋಯಿತು. ಊಟ ಹಾಕಿದವರ ಮನೆಯಲ್ಲಿ ಕೂತು ಜಗಳವಾಡಿದೆ. ಜೊತೆಗಿದ್ದ ಚಂದ್ರ ಕೈತೊಳೆದುಕೊಂಡು ಬಂದು ಮೆಲ್ಲಗೆ ಹೇಳಿದ: "ಗೌಡ್ರೇ, ಕೂಗಿದ್ದು ನಾನು. ನೀವು ಯೋಳ್ದೆ ಇದ್ರೆ ನಾನೇ ಯೋಳ್ತೀನಿ." ಅದಕ್ಕೆ ಅವರು ಒಪ್ಪಿದರು.

ಅಲ್ಲಿಂದ ಮುಂದೆ ನಾನು ಮಾಡಿದ ಓಡಾಟ ಯಾವ ಕೆಲಸದಲ್ಲೂ ಮಾಡಿಲ್ಲ. ಹಾಲಿನ ಮಿಷನ್ನಿನ ಕಂಪನಿಯವನನ್ನು ಮೈಸೂರಿನಲ್ಲಿ ಹಿಡಿದೆ, ಲೈನ್‌ಮನ್ನನ್ನು ಸಂತೆಬಾಚಹಳ್ಳಿಯ ಸಂತೆಯಲ್ಲಿ ಹಿಡಿದೆ, ಮಿಲ್ಲಿನವನ ಕೈಕಾಲು ಹಿಡಿದೆ. ಎಲ್ಲರಿಗೂ ಒಂದೇ ಮಾತು: ನಿಮ್ಮದು ಸರಿಯಾಗಿದೆ, ಒಪ್ಪಿದೆ. ಒಂದು ಸಂಜೆ ಎಲ್ಲರೂ ಒಟ್ಟಿಗೆ ಬನ್ನಿ, ನಿಮ್ಮ ನಿಮ್ಮ ಕೆಲಸ ನೀವು ಮಾಡಿ, ಒಟ್ಟು ಏನಾಗುತ್ತದೆ ನೋಡೋಣ. ಮ್ಯಾನೇಜರು ಫೋನಿನಲ್ಲಿ ಬೈದರು. ಬೈಯಲಿ ಎಂದು ಫೋನಿಟ್ಟೆ.

ಆ ಸಂಜೆ ಡೈರಿಯ ಮುಂದೆ ಊರೇ ಸೇರಿತ್ತು. ಪುಟ್ಟತಾಯಮ್ಮನನ್ನು ಮುಂದೆ ಕೂರಿಸಿದೆವು. ಅವರ ಹಸು, ಅವರದೇ ಕೈ, ಅವರೇ ತಂದ ಹಾಲು. ಬೆಳಕಿರುವಾಗ ಅಳೆದರು, ಸರಿಯಾಗಿ ಬಂತು. ಅದೇ ಕ್ಯಾನನ್ನು ಅವರ ಕಾಲ ಬಳಿಯೇ ಇಟ್ಟೆವು. ಹೊತ್ತು ಮುಳುಗಿತು. ಹೊಲದಲ್ಲಿ ಸ್ಟಾರ್ಟರುಗಳು ಟಕ್ ಎಂದವು, ಮಿಲ್ಲು ಹೊರಟಿತು, ಬಲ್ಬು ಹಳದಿಯಾಯಿತು. ಚಂದ್ರ ಅದೇ ಕ್ಯಾನಿನಿಂದ ಹಾಲು ತೆಗೆದು ಮಿಷನ್ನಿಗೆ ಹಾಕಿದ. ಊರಿಗೆಲ್ಲ ಕೇಳುವಂತೆ ಕೂಗಿದ.

"ಪುಟ್ಟತಾಯಮ್ಮನ ಮನೆದು. ಎರಡೂ ಮುಕ್ಕಾಲು."

ಯಾರೂ ನಗಲಿಲ್ಲ. ಪುಟ್ಟತಾಯಮ್ಮ ಕ್ಯಾನಿನೊಳಗೆ ನೋಡಿದರು, ಮಿಷನ್ನು ನೋಡಿದರು, ಮಂಕಾದ ಬಲ್ಬು ನೋಡಿದರು. ಕಡೆಗೆ ನನ್ನನ್ನು ನೋಡಿದರು. "ನೀನು ಸರಿಯಾಗೈತೆ ಅಂದ್ಯಲ್ಲಪ್ಪ" ಎಂದರು. ಅದರಲ್ಲಿ ದೂರು ಇರಲಿಲ್ಲ, ಅದಕ್ಕೇ ಅದು ಇವತ್ತಿಗೂ ಕಿವಿಯಲ್ಲಿದೆ.

ಗೌರಿ ಹಬ್ಬಕ್ಕೆ ಮುಂಚೆ ಸೊಸೆಯನ್ನು ಕರೆತರಬೇಕೆಂದು ಅವರು ಹೊರಟರು. "ನೀನೂ ಬಾರಪ್ಪ. ಮಿಷಿನ್ ಇಚಾರ ನಂಗೆ ಯೋಳಕ್ ಬರಾಕಿಲ್ಲ" ಎಂದರು. ನಾಗಮಂಗಲ ದಾಟಿ, ಬೆಳ್ಳೂರು ಕ್ರಾಸಿನಲ್ಲಿ ಇಳಿದು, ಅಲ್ಲಿಂದ ಒಳಗಿನ ಊರಿಗೆ ನಡೆದೆವು. ದಾರಿಯುದ್ದಕ್ಕೂ ಅವರು ಮಡಿಲಲ್ಲಿದ್ದ ಹೂವು ಬಾಡದಂತೆ ನೀರು ಚಿಮುಕಿಸುತ್ತಾ ಬಂದರು.

ಶೋಭ ಒಂದು ಚೊಂಬಿನಲ್ಲಿ ನೀರು, ಒಂದು ಚೂರು ಬೆಲ್ಲ ತಂದು ನಮ್ಮ ಮುಂದೆ ಇಟ್ಟು ಕಂಬಕ್ಕೆ ಒರಗಿ ನಿಂತಳು. ಆ ಮುಖ ನನಗೆ ಗೊತ್ತಿತ್ತು. ಬೇಸಿಗೆಯಲ್ಲಿ ನಾನು ಆ ಊರಿನಿಂದ ವಾಪಸ್ಸು ಹೊರಟಾಗಲೆಲ್ಲ ಕೆರೆ ಏರಿಯ ಮೇಲೆ ಹುಲ್ಲಿನ ಹೊರೆ ಹೊತ್ತ ಒಬ್ಬಳು ಬಸ್ಸಿಗೆ ದಾರಿ ಬಿಟ್ಟು, ಅಂಚಿಗೆ ಸರಿದು ನಿಲ್ಲುತ್ತಿದ್ದಳು. ಹೊರೆಯ ಕೆಳಗಿನಿಂದ ಕಿಟಕಿಯ ಕಡೆ ನೋಡುತ್ತಿದ್ದಳು. ನಾನು ಹೊರಟುಹೋಗುತ್ತಿದ್ದೆ, ಅವಳು ಊರೊಳಗೆ ಹೋಗಿ, ಇನ್ನೂ ಒಂದು ಹೊರೆ ತಂದು, ಹಾಲು ಕರೆದು, ಕಡೆಯವಳಾಗಿ ನಿಲ್ಲುತ್ತಿದ್ದಳು. ನಾನು ಹೋದ ದಿನವೆಲ್ಲ ಒಬ್ಬರನ್ನೊಬ್ಬರು ಹಾದುಹೋಗಿದ್ದೆವು.

ಎಲ್ಲ ವಿವರಿಸಿದೆ. ಅವಳು ಒಂದೊಂದನ್ನೂ ಅರ್ಥ ಮಾಡಿಕೊಂಡಳು, ನಡುವೆ ಒಂದೆರಡು ಪ್ರಶ್ನೆಯನ್ನೂ ಕೇಳಿದಳು. ಪುಟ್ಟತಾಯಮ್ಮ ಕಡೆಗೆ ಎದ್ದು ಹೂವು ಮುಂದೆ ಚಾಚಿದರು. "ಮಿಷಿನ್ ಕೆಟ್ಟಿತ್ತಂತೆ ಕಣವ್ವ. ಆಗಿದ್ದು ಆಗೋಯ್ತು. ಏಳು, ಬಟ್ಟೆ ಕಟ್ಕೊ."

ಶೋಭ ಹೂವು ತೆಗೆದುಕೊಳ್ಳಲಿಲ್ಲ.

"ಮಿಷನ್ ಹೇಳ್ತು ಅಂತ ಕಳಿಸಿದ್ರಿ. ಈಗ ಮಿಷನ್ ಕೆಟ್ಟಿತ್ತು ಅಂತ ಇವರು ಹೇಳಿದ್ರು, ಕರೆಯಕ್ಕೆ ಬಂದಿದೀರಿ. ನೀವ್ ಏನ್ ಹೇಳ್ತೀರಿ ಅತ್ತೆ?"

ನಾನು ಪುಟ್ಟತಾಯಮ್ಮನ ಕಡೆ ನೋಡಿದೆ. ಒಂದೇ ಮಾತು ಬೇಕಿತ್ತು. "ಗೌರಿ ಹಬ್ಬ ಬಂತು" ಎಂದರು. ಮತ್ತೆ, "ಅಸ ನಿನ್ನೇ ಕೇಳ್ತದೆ" ಎಂದರು. ಆ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಹೇಳಿದರು.

ಶೋಭ ತುಂಬ ಹೊತ್ತು ಕಾದಳು. ಆಮೇಲೆ ಖಾಲಿ ಚೊಂಬು ತೆಗೆದುಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಬೆಳ್ಳೂರು ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ ಪುಟ್ಟತಾಯಮ್ಮ ಬಾಡಿದ ಹೂವನ್ನು ಮಡಿಲಿಂದ ತೆಗೆಯುತ್ತಾ ಹೇಳಿದರು: "ಅವಳು ಆಕಿಲ್ಲ ಅಂತ ನಂಗೆ ಗೊತ್ತಿತ್ತು ಕಣಪ್ಪ. ಕರೆಯೋ ಕೈ ನೋಡಿದ್ರೆ ಗೊತ್ತಾಗಾಕಿಲ್ವಾ? ಊರು ನಗ್ತಿತ್ತು. ಯಾರ್ನಾರ ಒಬ್ರುನ್ನ ಅನ್ಬೇಕಿತ್ತು."

"ಇದನ್ನೇ ಅಲ್ಲಿ ಹೇಳಬೇಕಿತ್ತಲ್ಲ ಅಮ್ಮ!"

"ಬಾಯಿಗೆ ಬರ್ನಿಲ್ಲ."

ನನಗೆ ಅವರ ಮೇಲೆ ಕೋಪ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಟಿಕೆಟ್ಟು ತೆಗೆದೆ.

ಡೈರಿಗೆ ಇನ್ನೊಂದು ಸ್ಟೆಬಿಲೈಸರ್ ಬಂತು. ವೈರಿಂಗ್ ಹೊಸದಾಯಿತು. ನಾನು ಮ್ಯಾನೇಜರ ಹತ್ತಿರ ಜಗಳವಾಡಿ, ನಾಲ್ಕು ತಾಲ್ಲೂಕಿನಲ್ಲೂ ಸಂಜೆಯ ಹೊತ್ತು ಹೋಗಲು, ಹಾಲಿನ ಮಿಷನ್ನಿನವನ ಜೊತೆಯಲ್ಲೇ ಹೋಗಲು ಒಪ್ಪಿಸಿದೆ. ಕಂಪ್ಯೂಟರು ಒಂದನ್ನೇ ನೋಡುವುದನ್ನು ಅಂದಿಗೆ ಬಿಟ್ಟೆ. ಕರೆಂಟು, ಗೋಡೆ, ಸಾಲು, ಸಾಲಿನ ಕಡೆಯಲ್ಲಿ ನಿಂತವರು, ಎಲ್ಲವನ್ನೂ ನೋಡಿದ ಮೇಲೆಯೇ ಡಬ್ಬದ ಮುಚ್ಚಳ ಬಿಚ್ಚುತ್ತಿದ್ದೆ. ಪಾಂಡವಪುರದ ಕಡೆ ಒಂದು ಡೈರಿಯಲ್ಲಿ, ನಾಗಮಂಗಲದ ಕಡೆ ಇನ್ನೊಂದರಲ್ಲಿ, ಬಲ್ಬು ಹಳದಿಯಾಗುವುದನ್ನು ಕಂಡೆ. ಅಲ್ಲಿ ಯಾರು ಯಾರನ್ನು ಏನೆಂದಿದ್ದರು, ಯಾವ ಮನೆಯಿಂದ ಯಾರು ಹೋಗಿದ್ದರು ಎಂದು ಕೇಳಲು ಧೈರ್ಯವಾಗಲಿಲ್ಲ. ಗಂಜಾಂನ ಕೋಣೆಯಲ್ಲಿ ಮಲಗಿದರೆ ಹೊಳೆಯ ಸದ್ದಿನ ನಡುವೆ ಅಂಕಿಗಳು ಕೇಳುತ್ತಿದ್ದವು.

ಆ ಊರಿಗೂ ಆಮೇಲೆ ಸಂಜೆ ಹೋಗಿದ್ದೇನೆ. ಪುಟ್ಟತಾಯಮ್ಮ ಮೊದಲು ಬರುವುದನ್ನು ಬಿಟ್ಟಿದ್ದರು. ಎಲ್ಲರದೂ ಮುಗಿದು, ಕತ್ತಲಾದ ಮೇಲೆ, ಶೋಭ ನಿಲ್ಲುತ್ತಿದ್ದ ಜಾಗದಲ್ಲಿ ಕ್ಯಾನು ಹಿಡಿದು ನಿಲ್ಲುತ್ತಿದ್ದರು. ಮಿಷನ್ನು ಈಗ ಸರಿಯಾಗಿಯೇ ಅಳೆಯುತ್ತಿತ್ತು. ಆದರೆ ನಂಬರು ಬರುವ ಮೊದಲೇ ಅವರು ತಮ್ಮ ಹಿಂದೆ, ಯಾರೂ ಇಲ್ಲದ ಕಡೆ ತಿರುಗಿ, ಗಟ್ಟಿಯಾಗಿ ಹೇಳುತ್ತಿದ್ದರು: "ನೀರಾಕಿಲ್ಲ. ನಾನು ಯೋಳ್ತೀನಿ." ಜನ ಮೊದಮೊದಲು ಹೆದರಿದರು, ಆಮೇಲೆ ರೂಢಿಯಾಯಿತು. ನನಗೆ ರೂಢಿಯಾಗಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಕಂಪನಿ ಮುಚ್ಚಿತು, ನಾನು ಆ ಕಡೆ ಹೋಗುವುದೂ ನಿಂತಿತು.

ಹೋದ ತಿಂಗಳು ಹೋದಾಗ ಡೈರಿಗೆ ಹೊಸ ಕಟ್ಟಡ ಬಂದಿತ್ತು. ಸೆಕ್ರೆಟರಿಯ ಕುರ್ಚಿಯಲ್ಲಿ ಚಂದ್ರ ಕೂತಿದ್ದ, ತಲೆಯೆಲ್ಲ ಬೆಳ್ಳಗೆ. ಗುರುತು ಹಿಡಿದು ಎದ್ದುನಿಂತ. ಪುಟ್ಟತಾಯಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಮಗ ಅವರು ಇರುವವರೆಗೂ ತಾಯಿಯ ಊರು, ಹೆಂಡತಿಯ ಊರು ಎಂದು ಎರಡರ ನಡುವೆ ಓಡಾಡಿಕೊಂಡೇ ಇದ್ದನಂತೆ.

"ಶೋಭ?" ಎಂದೆ.

ಚಂದ್ರ ಪಕ್ಕದ ಕುರ್ಚಿಯನ್ನು ನನ್ನ ಕಡೆ ಎಳೆದು ಹಾಕಿದ.

"ಅತ್ತೆ ಮಣ್ಣಿಗೆ ಬರ್ನಿಲ್ಲ ಸಾ. ಮೂರನೇ ದಿನ, ಗುಂಡಿಗೆ ಆಲು ತುಪ್ಪ ಬುಡೋ ದಿವ್ಸ ಬಂದ್ಲು. ಗುಂಡಿ ಮೇಲೆ ಬುಡಕ್ಕೆ ಅಂತ ನಾನು ಡೈರಿ ಆಲು ತಗಂಡೋಗಿದ್ದೆ. ಬ್ಯಾಡ ಅಂದ್ಲು. ಅವ್ರೂರಿಂದ ಕ್ಯಾನಲ್ಲಿ ತಂದಿದ್ಲು, ಅವಳ ಅಸಿಂದೇ ಆಲು. ಊರೆಲ್ಲ ನಿಂತಿತ್ತು. ಒಂದ್ ಮಾತಾಡ್ದೆ ಗುಂಡಿ ಮೇಲೆ ಬುಟ್ಲು. ಬುಡ್ತಾ ಬುಡ್ತಾ ತಲೆಯೆತ್ತಿ ನನ್ನೇ ನೋಡಿದ್ಲು ಸಾ. ನಾನು ನಂಬರು ಕೂಗ್ವಾಗ ನೋಡ್ತಿದ್ಲಲ್ಲ, ಅಂಗೆ."

"ನೀನೇನು ಮಾಡಿದೆ?"

"ಮಿಷಿನ್ ಇಲ್ಲ, ಕಡ್ಡಿ ಇಲ್ಲ. ಕಣ್ಣಿಗೇ ಕಾಣ್ತಿತ್ತಲ್ಲ ಸಾ. ಬಾಯಿಗೆ ಬಂದ್ಬುಡ್ತು. ‘ಪುಟ್ಟತಾಯಮ್ಮನ ಮನೆದು, ಗಟ್ಟಿ ಆಲು’ ಅಂತ ಕೂಗ್ಬುಟ್ಟೆ. ಎಲ್ರೂ ಕೇಳಿಸ್ಕಂಡ್ರು. ಆಮೇಲೆ ಅವಳು ಕ್ಯಾನಿನ ಬಾಯಿ ಸೆರಗಲ್ಲಿ ಒರೆಸ್ಕಂಡು ಒಂಟೋದ್ಲು."